ಅನು ಕುಡಿದ ಸ್ನಾನದ ನೀರು

ಸುನಂದಾ, ನಿನ್ನ ಮಗಳಿಗೆ ವಿಷವಾದದ್ದು ನೀನು ಅವಳ ಅಂಗಾಲಿಗೆ ತಿಕ್ಕುತ್ತಿದ್ದ ಮುಲಾಮಲ್ಲ. ಉಪ್ಪು ಕರಗಿಸಿದ ಸ್ನಾನದ ನೀರನ್ನು ಅವಳು ಕುಡಿಯುತ್ತಿದ್ದಳು. ನಾನು ನೋಡುತ್ತಿದ್ದೆ. ನೋಡಿಯೂ ಬಿಟ್ಟೆ — ಬಿಟ್ಟೆ ಎಂದರೂ ಅರ್ಧ ಸುಳ್ಳೇ. ಕೊನೆಯ ದಿನ ಚೊಂಬು ತುಂಬಿ ಅವಳ ಕೈಗೆ ಕೊಟ್ಟವಳು ನಾನು.

ಆಗ ನಾವೆಲ್ಲ ಆಳಂದದ ಮನೆಯಲ್ಲಿ ಕೂಡಿಯೇ ಇದ್ದೆವು. ನೆಗೆಣ್ಣಿಯರಾದರೂ ಅಕ್ಕ ತಂಗಿಯರ ಹಾಗೆ ಇದ್ದಾರೆ ಎಂದು ಓಣಿಯವರು ಹೇಳುತ್ತಿದ್ದರು. ನೀನು ಬೆಳಿಗ್ಗೆ ನರೋಣಾದ ಶಾಲೆಗೆ ಕಲಿಸಲು ಬಸ್ಸು ಹತ್ತಿದರೆ ಅನು ನನ್ನ ಪಾಲಿಗೆ. ಆರು ವರ್ಷದ ಹುಡುಗಿ, ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಕಲಬುರಗಿಯ ಡಾಕ್ಟರು ಆಟಿಸಂ ಎಂದಿದ್ದರು. ಓಣಿಯವರು ಗಾಳಿ ಸೋಕಿದೆ, ಗಾಣಗಾಪುರಕ್ಕೆ ಒಯ್ಯಿರಿ ಎಂದರು. ನೀನು ಓದಿದವಳು, ಒಪ್ಪಲಿಲ್ಲ. ನೀನು ನಂಬಿದ್ದು ಮೊಬೈಲನ್ನು. ಎಪ್ಸಮ್ ಉಪ್ಪಿನ ನೀರಲ್ಲಿ ಕೂರಿಸಿದರೆ, ಮೆಗ್ನೀಷಿಯಂ ಮುಲಾಮು ಹಚ್ಚಿದರೆ ಇಂಥ ಮಕ್ಕಳು ಶಾಂತವಾಗುತ್ತವೆ, ನಿದ್ದೆ ಮಾಡುತ್ತವೆ ಎಂದು ಯಾವಳೋ ಒಬ್ಬ ತಾಯಿ ಅದರಲ್ಲಿ ನಗುನಗುತ್ತಾ ಹೇಳುತ್ತಿದ್ದಳು. ನಾನು ನಿನ್ನನ್ನು ಆಡಿಕೊಂಡೆ.

"ಗಾಣಗಾಪುರ ಬ್ಯಾಡಂದಾಕಿ ಈಗ ಮೊಬೈಲಿಗಿ ಕಾಯಿ ಒಡಸಾಕತ್ತಾಳ ನೋಡ್ರಿ" ಎಂದೆ ಅತ್ತೆಯವರಿಗೆ. ನೀನೂ ನಕ್ಕಿದ್ದಿ. ನನ್ನ ನಾಲಿಗೆ ಹರಿತ ಎಂದು ನಿನಗೆ ಗೊತ್ತಿತ್ತು, ಆದರೆ ಮನಸ್ಸು ಒಳ್ಳೆಯದು ಎಂದು ನಂಬಿದ್ದಿ.

ನೀನು ಕಲಬುರಗಿಯಿಂದ ತಂದ ಉಪ್ಪಿನ ಪೊಟ್ಟಣ ಬೇಗ ಮುಗಿಯಿತು. ಅದರ ಮೇಲೆ ಬರೆದದ್ದನ್ನು ಓದಿದ ನಮ್ಮವರು ನಕ್ಕುಬಿಟ್ಟರು. ಗೊಬ್ಬರದ ಅಂಗಡಿಯವರಿಗೆ ಇನ್ನೇನು ಕಾಣಬೇಕು. "ಇದು ನಮ್ಮ ಅಂಗಡ್ಯಾಗಿಂದ ಮೆಗ್ನೀಷಿಯಂ ಸಲ್ಫೇಟ್ ಅದನೋ ತಮ್ಮಾ. ಹತ್ತಿ ಎಲಿ ಕೆಂಪಾದ್ರ ನೀರಾಗ ಕಲಸಿ ಹೊಡೀತಾರಲ್ಲ, ಅದ. ಚೀಲಗಟ್ಲೆ ಬಿದ್ದದ" ಎಂದು ನಿನ್ನ ಗಂಡನಿಗೆ ಹೇಳಿದರು. ಮರುದಿನ ಚೀಲ ಬಚ್ಚಲ ಮೂಲೆಗೆ ಬಂತು, ಮೇಲೆ ಹತ್ತಿ ಗಿಡದ ಚಿತ್ರ. ನಿನಗೆ ಮನಸ್ಸಿರಲಿಲ್ಲ. ಮನೆಯಲ್ಲಿ ಇಟ್ಟುಕೊಂಡು ಹೊರಗೇಕೆ ಹುಡುಕುತ್ತಿ ಎಂದು ಅತ್ತೆಯವರು ಅಂದ ಮೇಲೆ ಸುಮ್ಮನಾದಿ. ಆದರೆ ನನಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದಿ.

"ಅಕ್ಕಾ, ಸಂಜೀಕ ನಾ ಬಂದ ಮ್ಯಾಲ ಅಷ್ಟ ಕೂಡಸೂದು. ಆ ನೀರು ಬಾಯಾಗ ಹೋಗಬಾರದ್ರಿ."

ಹೂಂ ಎಂದಿದ್ದೆ. ಕೇಳಿಸಲಿಲ್ಲ, ತಿಳಿಯಲಿಲ್ಲ ಎನ್ನುವ ದಾರಿ ನನಗಿಲ್ಲ.

ಸಂಜೆಗಳು ಚೆನ್ನಾಗಿದ್ದವು. ಅನು ಬಿಸಿನೀರಿನ ಟಬ್ಬಿನಲ್ಲಿ ಕೂತು ಬೆರಳು ಆಡಿಸುತ್ತಿದ್ದಳು. ಮೈ ಮುಟ್ಟಿದರೆ ಕಚ್ಚುವವಳು, ಆಮೇಲೆ ನಿನ್ನ ಮುಂದೆ ಕಾಲು ಚಾಚಿ ಕೂರುತ್ತಿದ್ದಳು, ಮುಲಾಮು ತಿಕ್ಕು ಎಂದು. ಅದು ಔಷಧದ ಗುಣವೋ ತಾಯಿಯ ಕೈಯ ಗುಣವೋ ಯಾರಿಗೆ ಗೊತ್ತು. ನಿನ್ನ ಕಣ್ಣು ತುಂಬುತ್ತಿತ್ತು. ನನಗೆ ಮಾತ್ರ ಸಂಜೆಯ ಆ ಸಮಾಧಾನ ಬೆಳಿಗ್ಗೆಯೂ ಬೇಕೆನಿಸಿತು. ಬೆಳಿಗ್ಗೆ ಎಂದರೆ ನನ್ನ ಒಲೆ, ರೊಟ್ಟಿ, ಅತ್ತೆಯವರ ಲಿಂಗಪೂಜೆ, ಮತ್ತು ಅನುವಿನ ಚೀರಾಟ. ಕುಕ್ಕರ್ ಕೂಗಿದರೆ ಸಾಕು, ಬಾಗಿಲಿಗೆ ಹಣೆ ಚಚ್ಚುತ್ತಿದ್ದಳು. ಒಂದು ದಿನ ನಾನೇ ನೀರು ಕಾಸಿ, ಚೀಲಕ್ಕೆ ಕೈ ಹಾಕಿ, ಅವಳನ್ನು ಕೂರಿಸಿದೆ. ನಿನಗೆ ಹೇಳಲಿಲ್ಲ.

ಅಂದೇ ಅವಳು ಚೊಂಬಿನಿಂದ ಕುಡಿದದ್ದು. ಅಷ್ಟು ಕಹಿ ನೀರನ್ನು ಯಾರಾದರೂ ಕುಡಿಯುತ್ತಾರೆಯೇ ಎಂದುಕೊಂಡಿದ್ದೆ. ಆದರೆ ಗೋಡೆಯ ಸುಣ್ಣ ನೆಕ್ಕುವವಳು, ಮಣ್ಣು ತಿನ್ನುವವಳು ಅವಳು. ಚೊಂಬು ಕಸಿದುಕೊಂಡೆ. ಕಿವಿ ಹರಿಯುವಂತೆ ಚೀರಿದಳು. ಪೂಜೆಯ ಕೋಣೆಯಿಂದ ಅತ್ತೆಯವರು, "ಏ ನೀಲಾ, ಆ ಕೂಸಿನ ಬಾಯಿ ಮುಚ್ಚಸ ಬೇ!" ಎಂದು ಕೂಗಿದರು. ನಾನು ಚೊಂಬನ್ನು ತಿರುಗಿ ಕೊಟ್ಟೆ.

ಸ್ವಲ್ಪ ಹೊತ್ತಿಗೆ ಅನು ತೂಕಡಿಸಿದಳು. ಪಡಸಾಲೆಯಲ್ಲಿ ಮಲಗಿಸಿದರೆ ಮಧ್ಯಾಹ್ನದವರೆಗೂ ಏಳಲಿಲ್ಲ. ಎಷ್ಟೋ ದಿನದ ಮೇಲೆ ನಾನು ಚಹಾವನ್ನು ಬಿಸಿಯಿರುವಾಗಲೇ ಕುಡಿದೆ.

ಆಮೇಲೆ ಅದೇ ರೂಢಿಯಾಯಿತು. ಅವಳ ಹೊಟ್ಟೆ ಕೆಟ್ಟಿತು. ಹೊಲಸಾದ ಬಟ್ಟೆಗಳನ್ನು ನೀನು ಬರುವ ಮೊದಲೇ ತೊಳೆದು ಒಣಹಾಕುತ್ತಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ನನ್ನಷ್ಟು ಜಾಣತನ ಇರಲಿಕ್ಕಿಲ್ಲ. ಕಾಲು ಎಳೆಯುತ್ತಾ ನಡೆಯತೊಡಗಿದಳು, ಕೈಯ ಹಿಡಿತ ಸಡಿಲಾಯಿತು — ಅದೂ ಕಂಡಿತ್ತು ನನಗೆ. ಬೇಸಿಗೆಯ ಸುಸ್ತು ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಬಸ್ಸಿಳಿದು ಬಂದು ಕೇಳುತ್ತಿದ್ದಿ, "ಇವತ್ತೂ ಚೀರಲಿಲ್ಲೇನಕ್ಕಾ?"

"ಇಲ್ಲ ಬೇ, ಬಂಗಾರದಂಗ ಇದ್ದಳು."

ನೀನು ನನ್ನ ಕೊರಳು ತಬ್ಬಿ ಅತ್ತಿದ್ದಿ, ನೆನಪಿದೆಯೇ? ಉಪ್ಪು ಫಲ ಕೊಟ್ಟಿತು ಎಂದು ಇಂಥ ಮಕ್ಕಳ ತಾಯಂದಿರಿಗೆಲ್ಲ ಮೊಬೈಲಿನಲ್ಲಿ ಸುದ್ದಿ ಕಳಿಸಿದಿ. ನಾನು ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದೆ.

ಇನ್ನು ಆ ದಿನ. ನನ್ನ ಮಗಳು ಶೈಲಾಳನ್ನು ನೋಡಲು ಅಫಜಲಪುರದವರು ಬರುವವರಿದ್ದರು. ಒಳ್ಳೆಯ ಮನೆತನ, ಒಬ್ಬನೇ ಮಗ. ಅನು ಅವರೆದುರು ಚೀರಿ ಹಣೆ ಚಚ್ಚಿಕೊಂಡರೆ, ಇದು ನಿಮ್ಮ ಮನೆತನದಲ್ಲೇ ಇದೆಯೇನು ಎಂದು ಅವರು ಕೇಳಿಯೇ ಕೇಳುತ್ತಾರೆ — ಈ ಭಯ ನನ್ನನ್ನು ತಿನ್ನುತ್ತಿತ್ತು. ನೀನು ರಜೆ ಹಾಕುತ್ತೇನೆ, ಅವಳನ್ನು ಕರೆದುಕೊಂಡು ಹೊರಗೆ ಹೋಗುತ್ತೇನೆ ಎಂದಿದ್ದಿ. ನಾನೇ ಬೇಡ ಎಂದೆ. "ನೀ ಸಾಲಿಗಿ ಹೋಗ ಬೇ, ನಾ ಇದ್ದೀನಲ್ಲ."

ನೀನು ಹೋದ ಮೇಲೆ ದಿನಾ ಹಾಕುವುದಕ್ಕಿಂತ ಹೆಚ್ಚು ಉಪ್ಪು ಸುರಿದೆ. ಕರಗುವವರೆಗೂ ಕೈಯಾಡಿಸಿದೆ. ಚೊಂಬು ತುಂಬಿ ಅವಳ ಎರಡೂ ಕೈಗಳ ನಡುವೆ ಇಟ್ಟೆ. ಬಾಯಾರಿದ್ದಳೋ ಏನೋ, ಗಟಗಟ ಕುಡಿದಳು. ಮತ್ತೆ ತುಂಬಿದೆ. ಅವಳು ಯಾರ ಮುಖವನ್ನೂ ನೋಡುವವಳಲ್ಲ, ಅಂದೂ ನೋಡಲಿಲ್ಲ. ಒಂದು ಸಲ ನನ್ನ ಕಣ್ಣು ನೋಡಿದ್ದರೆ ಬಹುಶಃ ನಾನು —

ಇಲ್ಲ. ನೋಡಿದ್ದರೂ ಕೊಡುತ್ತಿದ್ದೆ.

ಬೀಗರಾಗುವವರು ಶಿರಾ ತಿಂದರು, ಶೈಲಾಳ ಓದು ಕೇಳಿದರು. ಒಳಗಿನ ಕೋಣೆಯತ್ತ ನೋಡಿದ ಹುಡುಗನ ತಾಯಿ, "ಭಾಳ ಶಾಣೆ ಕೂಸ್ರಿ, ಗದ್ದಲಿಲ್ಲ ಏನಿಲ್ಲ" ಎಂದರು. ನಾನು ನಕ್ಕೆ. ಆ ಹೊತ್ತಿಗೆ ಅನುವಿನ ಉಸಿರು ಎಷ್ಟು ನಿಧಾನವಾಗಿತ್ತೋ ನನಗೆ ತಿಳಿಯದು, ಯಾಕೆಂದರೆ ಅವರು ಹೋಗುವವರೆಗೂ ನಾನು ಒಳಗೆ ಇಣುಕಲೇ ಇಲ್ಲ. ಹೋಗಿ ಎತ್ತಿದಾಗ ಕೊರಳು ನಿಲ್ಲಲಿಲ್ಲ. ತುಟಿ ಬಿಳಿಚಿತ್ತು.

ಕಲಬುರಗಿಯ ಆಸ್ಪತ್ರೆಗೆ ನೀನು ಶಾಲೆಯಿಂದ ನೇರ ಓಡಿ ಬಂದಿ. ಉಪ್ಪಿನ ಸ್ನಾನದ ವಿಷಯ ಹೇಳಿದವಳು ನೀನೇ, ಏನನ್ನೂ ಮುಚ್ಚಿಡಲಿಲ್ಲ. ಆ ಉಪ್ಪಿನಿಂದ, ಮುಲಾಮಿನಿಂದ ಆಟಿಸಂ ಗುಣವಾಗುತ್ತದೆ ಎಂಬುದು ಸಿದ್ಧವಾದ ಮಾತಲ್ಲ ಎಂದರು ಡಾಕ್ಟರು. ರಕ್ತ ಪರೀಕ್ಷೆ ಮಾಡಿಸಿ ಮತ್ತೆ ಬಂದರು. "ಮೆಗ್ನೀಷಿಯಂ ಭಾಳ ಏರ್ಯಾದ. ಬರೇ ಚರ್ಮದಿಂದ ಇಷ್ಟು ಏರೂದು ಕಷ್ಟ. ಹೊಟ್ಟ್ಯಾಗ ಏನರ ಹೋಗ್ಯಾದೇನು? ಮನ್ಯಾಗ ಯಾರಿದ್ರಿ?"

ಎಲ್ಲರೂ ನನ್ನನ್ನು ನೋಡಿದರು.

"ಇಲ್ರಿ ಸಾಹೇಬ್ರ. ಕೂಸಿನ ಮ್ಯಾಲಿನ ಕಣ್ಣು ನಾ ತಗದಿಲ್ರಿ."

ಇಷ್ಟೇ ಮಾತು. ಈ ಮಾತಿನಿಂದ ಏನೇನಾಯಿತು ನೋಡು. ಅನು ಉಳಿದಳು, ಅದು ಆ ಡಾಕ್ಟರ ಪುಣ್ಯ. ಆದರೆ ಹೊಟ್ಟೆಗೆ ಹೋಗಿಲ್ಲ ಎಂದರೆ ಮೂತ್ರಪಿಂಡವೇ ಕೆಟ್ಟಿರಬೇಕು ಎಂಬ ಅನುಮಾನ ಅವರಿಗೆ ಬಂತು. ಮುಟ್ಟಿದರೆ ಸಹಿಸದ ಹುಡುಗಿಯನ್ನು ಮತ್ತೆ ಮತ್ತೆ ಹಿಡಿದು ಸೂಜಿ ಚುಚ್ಚಿದರು. ನೀನು ಚೀಲದಿಂದ ಮುಲಾಮಿನ ಡಬ್ಬಿ ತೆಗೆದು, ನಾನೇ ಹಚ್ಚಿದೆ, ದಿನಾ ನಾನೇ ಹಚ್ಚಿದೆ ಎಂದು ಅಳುತ್ತಿದ್ದಿ. "ಮೊಬೈಲ್ ನೋಡಿ ಮಗಳನ್ನ ಕೊಲ್ಲಾಕ ಹೊಂಟಿದ್ದೇನ?" ಎಂದು ನಿನ್ನ ಗಂಡ ಆಸ್ಪತ್ರೆಯ ಮೊಗಸಾಲೆಯಲ್ಲೇ ಕೂಗಿದ. ನಾನು ನಿನ್ನ ತಲೆ ನೇವರಿಸಿ ಸಮಾಧಾನ ಹೇಳಿದೆ.

ಶೈಲಾಳ ಮದುವೆಯಾಯಿತು. ನೀವು ಜೇವರ್ಗಿಗೆ ಮನೆ ಮಾಡಿಕೊಂಡು ಹೋದಿರಿ. ಹಬ್ಬಕ್ಕೆ ಬಂದಾಗ ನೋಡಿದೆ: ಅನು ನಿನ್ನ ಮುಂದೆ ಕಾಲು ಚಾಚಿ ಕೂತಳು, ನೀನು ಸೆರಗಿನೊಳಗೆ ಕೈ ಮುಚ್ಚಿಕೊಂಡು ಎದ್ದು ಹೋದಿ. ಅವಳು ಬಹಳ ಹೊತ್ತು ಹಾಗೆಯೇ ಕೂತಿದ್ದಳು. ಅಂದೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಮಟಕಿ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು, ಸೊಂಟದ ಮೇಲೆ ಮಗು. ಅದೂ ಎಲ್ಲೋ ನೋಡುತ್ತಿತ್ತು, ಕೈ ಬಡಿಯುತ್ತಿತ್ತು. ನಮ್ಮವರು ಇರಲಿಲ್ಲ, ನಾನು ಕೂತಿದ್ದೆ. "ಹತ್ತಿಗಿ ಹೊಡಿಯೂ ಉಪ್ಪು ಕೊಡ್ರಿ ಅವ್ವಾರ. ನಿಮ್ಮ ಮನಿ ಕೂಸು ಇದರಾಗ ಕುಂತು ಸುಮ್ಮನಾತಂತಲ್ರಿ" ಎಂದಳು. ಆಸ್ಪತ್ರೆಯ ಕತೆಯನ್ನು ಮನೆಯೊಳಗೇ ಮುಚ್ಚಿಟ್ಟಿದ್ದೆವು. ಶಾಂತಳಾದಳು ಎಂಬ ಸುದ್ದಿ ಮಾತ್ರ ಇಷ್ಟು ವರ್ಷ ಊರೂರು ತಿರುಗಿತ್ತು.

ಆಗ ಬಾಯಿ ತೆರೆಯಿತು. ನಿನಗೆ ಹೇಳದ್ದನ್ನು ಹೆಸರೂ ಗೊತ್ತಿಲ್ಲದ ಅವಳಿಗೆ ಹೇಳಿದೆ, ಎಲ್ಲವನ್ನೂ. ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ, ನನ್ನಿಂದ ದೂರಕ್ಕೆ, ಎತ್ತಿಕೊಂಡಳು. "ಆ ಕೂಸಿನ ಅವ್ವಗ ಇದು ಗೊತ್ತದೇನ್ರಿ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹೋಗಿಬಿಟ್ಟಳು.

ಭಾನುವಾರ ಜೇವರ್ಗಿಗೆ ಬರುತ್ತೇನೆ. ಇದನ್ನೇ ನಿನ್ನ ಗಂಡನ ಮುಂದೆ ಹೇಳುತ್ತೇನೆ, ಅತ್ತೆಯವರ ಮುಂದೆ ಹೇಳುತ್ತೇನೆ, ಆ ಡಾಕ್ಟರ ಮುಂದೆಯೂ. ಶೈಲಾಳ ಬೀಗರ ಕಿವಿಗೆ ಬಿದ್ದರೆ ಬೀಳಲಿ. ನೀನು ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಕೈ ಅವಳಿಗೆ ಏನೂ ಮಾಡಿಲ್ಲ, ಅದನ್ನು ನೀನು ನಂಬಿದರೆ ಸಾಕು.

ಇನ್ನೊಂದು ಮಾತಿದೆ, ಇದನ್ನು ಬರೆಯಲು ಹೆದರಿಕೆಯಾಗುತ್ತದೆ. ಈಗಲೂ ಅನು ನನ್ನನ್ನು ಕಂಡರೆ ಬೆರಳು ಹಿಡಿದು ಬಚ್ಚಲಿಗೆ ಎಳೆಯುತ್ತಾಳೆ. ದೊಡ್ಡವ್ವನ ಮೇಲೆ ಎಷ್ಟು ಜೀವ ನೋಡು ಎಂದು ಎಲ್ಲರೂ ನಗುತ್ತೀರಿ. ಅವಳು ಚೀರಿದಾಗ ಇವತ್ತಿಗೂ ನನಗೆ ಮೊದಲು ನೆನಪಾಗುವುದು ಪಡಸಾಲೆಯ ಆ ಮಧ್ಯಾಹ್ನದ ಮೌನ. ಅದು ನನಗೆ ಹಿತವಾಗಿತ್ತು, ಸುನಂದಾ. ನಾನು ಎಷ್ಟು ಅತ್ತರೂ, ಎಷ್ಟು ಬದಲಾದೆ ಎಂದರೂ, ನಿನ್ನ ಮಗಳನ್ನು ನನ್ನ ಹತ್ತಿರ ಒಂಟಿಯಾಗಿ ಬಿಡಬೇಡ.