ಗೋವಿಂದಪ್ಪನ ಹೊಟ್ಟೆಗೆ ಕಟ್ಟಿದ ದಾರ

ಅಲ್ಲ ಕಣವ್ವ, ನೀನು ಓದಿದವಳು, ನೀನೇ ಹೇಳು: ಅರ್ಧ ಹೊಟ್ಟೆ ಅಂದ್ರೆ ಎಷ್ಟು? ಕೊಡ ಆದ್ರೆ ಇಣುಕಿ ನೋಡಬೌದು. ಹೊಟ್ಟೇನ ಎಲ್ಲಿಂದ ಇಣುಕೋದು? ನಗಬ್ಯಾಡ, ಬರ್ಕೋ. ಇದೇ ಪ್ರಶ್ನೆ ಹಿಡ್ಕೊಂಡು ನಮ್ಮ ಗೋವಿಂದಪ್ಪ ಏನು ಮಾಡ್ದ ಅಂತ ಹೇಳ್ತೀನಿ.

ಗೋವಿಂದಪ್ಪ ನನ್ನ ತಂಗಿ ಪೆದ್ದಮ್ಮನ ಗಂಡ. ಮೊಳಕಾಲ್ಮೂರಲ್ಲಿ ರೇಷ್ಮೆ ಸೀರೆ ನೇಯ್ತಾನೆ. ನನ್ನನ್ನ ವದಿನಮ್ಮ ಅಂತಾನೆ, ಅತ್ತಿಗೆ ಅಂತ. ನಮ್ಮನೇಲಿ ತೆಲುಗು ಕನ್ನಡ ಎರಡೂ ಕಲಸಿಕೊಂಡೇ ಮಾತು. ಪೆದ್ದಮ್ಮ ಬಡಿಸೋಕೆ ನಿಂತ್ರೆ ಬಾಯಲ್ಲಿ ಒಂದೇ ಪದ, ‘ಇಂಕೊಂಚೆಂ’. ಇನ್ನೊಂಚೂರು ಅಂತ. ನಮ್ಮವ್ವನೂ ಹಂಗೇ ಇದ್ಲು. ಬೀಗರು ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದ್ರೆ ಕೈ ಮೇಲೇ ಪಾಯಸ ಬಿಡೋಳು. ಇರ್ಲಿ, ಎಲ್ಲಿದ್ದೆ?

ಹೂಂ, ಮಗ್ಗ. ಕುಣಿ ಮಗ್ಗ ನೋಡಿದೀಯಾ? ಕಾಲು ಗುಂಡಿಗೆ ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂರಬೇಕು. ನೇಯ್ದ ಸೀರೆ ಸುತ್ಕೊಳ್ಳೋ ಮರದ ದಿಂಡು ಸರಿಯಾಗಿ ಹೊಟ್ಟೆ ಮುಂದೆ ಇರ್ತೈತೆ. ಸೀರೆ ಸುತ್ತಿದಂಗೆ ದಿಂಡು ದಪ್ಪ ಆಗ್ತಾ ಬಂತು, ಮುದ್ದೆ ಉಂಡು ಉಂಡು ಇವನ ಹೊಟ್ಟೇನೂ ಮುಂದೆ ಬಂತು. ಮಧ್ಯೆ ಜಾಗ ಎಲ್ಲಿ?

ಅದೂ ಯಾವ ಸೀರೆ ಅಂತೀಯಾ? ಮೊಮ್ಮಗಳು ರಂಜಿತಾಳ ಧಾರೆ ಸೀರೆ. ತಾನೇ ನೇಯ್ತೀನಿ ಅಂತ ಆ ಹುಡುಗಿಗೆ ಮಾತು ಕೊಟ್ಟಿದ್ದ. ಮಧ್ಯಾಹ್ನ ಉಂಡು ಕೂತ್ರೆ ಬಗ್ಗೋಕಾಗಲ್ಲ, ಏದುಸಿರು. ಎಳೆ ಕೂರಿಸೋ ಹೊಡೆತ ಒಂದು ಗಟ್ಟಿ, ಒಂದು ಸಡಿಲ. ಬಟ್ಟೇಲಿ ಗೆರೆ ಬಿತ್ತು. ಮಗ ಅಶ್ವಥ್, “ಬಿಡಪ್ಪ, ಉಳಿದಿದ್ದು ನಾನು ನೇಯ್ತೀನಿ” ಅಂದ. ಒಳ್ಳೆ ಮಾತೇ, ಆದ್ರೆ ಇವನಿಗೆ ಮುಳ್ಳು ಚುಚ್ಚಿದಂಗಾಯ್ತು.

ಮಾರನೇ ದಿನವೇ ಯೋಗದ ಕ್ಲಾಸಿಗೆ ಹೋದ. ವೀಣಾ ಅಂತ ಹೇಳ್ಕೊಡೋಳು, ಚೊಕ್ಕ ಹುಡುಗಿ. “ಅರ್ಧ ಹೊಟ್ಟೆ ಊಟ, ಕಾಲು ನೀರು, ಉಳಿದ ಕಾಲು ಖಾಲಿ ಬಿಡಿ, ಉಸಿರಾಡೋಕೆ ಜಾಗ ಬೇಕಲ್ಲ” ಅಂದ್ಲಂತೆ.

“ಅರ್ಧ ಆಯ್ತು ಅಂತ ಗೊತ್ತಾಗೋದು ಹೆಂಗೆ ಮೇಡಂ?”

“ನಿಧಾನ ಅಗಿದು ತಿನ್ನಿ ಅಪ್ಪಾಜಿ. ಹೊಟ್ಟೇನೇ ಹೇಳ್ತೈತೆ.”

“ನನ್ನ ಹೊಟ್ಟೆ ಇವತ್ತಿನವರ್ಗೂ ಮಾತಾಡಿಲ್ಲ. ಮನೇಲಿ ಮಾತಾಡೋಳು ಬೇರೆ ಅವ್ಳೆ.”

ಆಮೇಲೆ ಒಂದಿನ ಪೆದ್ದಮ್ಮ ಅಳ್ತಾ ಫೋನ್ ಮಾಡಿದ್ಲು. “ಅಕ್ಕಾ, ಇವರಿಗೆ ಸರ್ಪಸುತ್ತು ಆಗೈತೆ. ಸೊಂಟದ ಸುತ್ತ ಕೆಂಪಗೆ ಎದ್ದೈತೆ, ಸುತ್ತು ಪೂರ್ತಿ ಕೂಡ್ಕೊಂಡೈತೆ.” ಸುತ್ತು ಕೂಡಿದ್ರೆ ಪ್ರಾಣಕ್ಕೇ ಕಂಟಕ ಅಂತ ನಮ್ಮ ಕಡೆ ಹೆದರ್ತಾರೆ. ಒಲೆ ಆರಿಸಿ ಚಳ್ಳಕೆರೆ ಸ್ಟ್ಯಾಂಡಿಗೆ ಓಡಿ ಮೊಳಕಾಲ್ಮೂರು ಬಸ್ ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ತು, ಅದೊಂದು ಪುಣ್ಯ.

ಹೋಗಿ ನೋಡಿದ್ರೆ ಅಂಗಿ ಬಿಗಿಯಾಗಿ ಹಿಡ್ಕೊಂಡು ಕೂತವ್ನೆ. ಬೈದು ಎತ್ತಿಸ್ದೆ. ನಮ್ಮ ಅತ್ತೆಗೆ ಸರ್ಪಸುತ್ತು ಆದಾಗ ನಾನೇ ನೋಡ್ಕೊಂಡಿದ್ದೆ, ಗುಳ್ಳೆ ಗುಳ್ಳೆ ಎದ್ದು ಉರಿ ಅಂತ ಒದ್ದಾಡ್ತಿದ್ಲು. ಇದರಲ್ಲಿ ಗುಳ್ಳೆ ಇಲ್ಲ, ಉರೀನೂ ಇಲ್ಲ. ಸಣ್ಣಗೆ, ಗೆರೆ ಎಳೆದಂಗೈತೆ.

“ಗೋವಿಂದಪ್ಪ, ಇದೇನು ಹೇಳು.”

ಮಗ್ಗದ ಕಡೆ ನೋಡ್ಕೊಂಡು ಅಂದ, “ಹಾವಲ್ಲ ವದಿನಮ್ಮ. ರೇಷ್ಮೆ ದಾರ.”

ಹಸಿದ ಹೊಟ್ಟೆಗೆ ಬನಿಯನ್ ಒಳಗೆ ದಾರ ಕಟ್ಕೊಂಡು ಊಟಕ್ಕೆ ಕೂರ್ತಿದ್ನಂತೆ. ದಾರ ಬಿಗಿಯಾದ್ರೆ ಅರ್ಧ ತುಂಬ್ತು ಅಂತ ಅವನ ಲೆಕ್ಕ.

“ಬಿಗಿಯಾದಾಗ ಏಳಬೇಕಿತ್ತಲ್ಲ?”

“ಆ ಹೊತ್ತಿಗೆ ಸರಿಯಾಗಿ ಇವಳು ಇಂಕೊಂಚೆಂ ಅಂತಾಳೆ. ಬ್ಯಾಡ ಅಂದ್ರೆ, ಯಾಕೆ, ಸಾರು ಕೆಟ್ಟಿತಾ ಅಂತಾಳೆ. ದಾರನಾದ್ರೂ ಕಿತ್ತೋಗಬೇಕಿತ್ತು. ರೇಷ್ಮೆ, ಜಗ್ಗಲಿಲ್ಲ.”

ಪೆದ್ದಮ್ಮ ಅಳೋದು ನಿಲ್ಲಿಸಿ ನಕ್ಕಳು, ಆಮೇಲೆ ಸಿಟ್ಟಾದ್ಲು. “ನನ್ನ ಹುರುಳಿ ಸಾರಿನ ಮೇಲೆ ತಪ್ಪು ಹಾಕ್ತೀರಾ? ಒಂದು ಮಾತು ಹೇಳೋಕೇನು?”

“ಹೇಳಿದ್ರೆ ಕೇರಿಯೆಲ್ಲ ನಗ್ತಿತ್ತು.”

ಅವಳು ಎದ್ದೋಗಿ ಹೂ ಕಟ್ಟೋ ಹತ್ತಿ ದಾರ ತಂದು, ಒಂದೇ ಎಳೆ ಬಿಡಿಸಿ, ಬನಿಯನ್ ಮೇಲೇ ಕಟ್ಟಿದ್ಲು. ಬಡಿಸೋಳಿಗೂ ಕಾಣಬೇಕಲ್ಲ. ಊಟಕ್ಕಿಟ್ಟು ಎದುರಿಗೇ ಕೂತ್ಲು. ಇವನು ತುತ್ತು ನುಂಗೋದು, ಅವಳು ದಾರ ನೋಡೋದು. ನಾನಂತೂ ಉಣ್ಣೋದು ಬಿಟ್ಟು ಇಬ್ಬರನ್ನೂ ನೋಡ್ತಿದ್ದೆ. ಸೌಟು ಎತ್ತಿ “ಇಂಕ” ಅಂದ್ಲು. ಅಷ್ಟಕ್ಕೆ ದಾರ ಪಟ್ ಅಂತು. ಸೌಟು ಹಂಗೇ ಪಾತ್ರೆಗೆ ವಾಪಸ್ ಹೋಯ್ತು. ಮದುವೆಯಾದಾಗಿಂದ ಅದು ಹಂಗೆ ವಾಪಸ್ ಹೋಗಿದ್ದು ನಾನು ಕಂಡಿರಲಿಲ್ಲ.

ದಿನಾ ಹಂಗೇ ನಡೀತು. ದಿಂಡಿಗೂ ಹೊಟ್ಟೆಗೂ ಮಧ್ಯೆ ಕೈ ಆಡಿಸೋಷ್ಟು ಜಾಗ ಆಯ್ತು. ಸೀರೆ ಅವನೇ ಮುಗಿಸ್ದ. ಮೊದಲು ಬಿದ್ದ ಗೆರೆ ಸೊಂಟಕ್ಕೆ ಸಿಗಿಸೋ ಕಡೆ ಉಳೀತು; ಸೆರಗು ಮಾತ್ರ ಒಂದೇ ಸಮ. ರಂಜಿತಾ ಉಟ್ಕೊಂಡು ನಿಂತಾಗ ಇವನು ಸೆರಗನ್ನೇ ನೋಡ್ತಿದ್ದ.

ದಾರ ಕಿತ್ತಾಗ ಆಗಿದ್ದು ಅರ್ಧನೋ ಮುಕ್ಕಾಲೋ, ನಂಗಿನ್ನೂ ಗೊತ್ತಿಲ್ಲ. ನಾನೂ ಕಟ್ಕೊಂಡು ನೋಡ್ದೆ. ಎರಡನೇ ತುತ್ತಿಗೇ ಕಿತ್ತೋಯ್ತು. ನಾಳೆ ನೀನು ಆ ಕಡೆ ಹೋಗ್ತೀಯಲ್ಲ, ಈ ನವಣೆ ಚೀಲ ಪೆದ್ದಮ್ಮನಿಗೆ ಕೊಡು. ಊಟದ ಹೊತ್ತಿಗೇ ಹೋಗು, ದಾರ ಹೊಕ್ಕುಳ ಮೇಲೆ ಕಟ್ತಾಳೋ ಕೆಳಗೋ ನೋಡ್ಕೊಂಡು ಬಾ.