ಕೈಯಾಡುವಷ್ಟು ಜಾಗ

ಟ್ರಯಲ್ ನೋಡಲು ಬಂದ ಗಿರಾಕಿಗಳು ಹೊಸ ಅಂಗಿ ತೊಟ್ಟ ಕೂಡಲೇ ಕನ್ನಡಿಯ ಕಡೆ ತಿರುಗುತ್ತಾರೆ. ಮಾಸ್ಟರ್ ಅವರ ಭುಜ ಹಿಡಿದು ಈ ಕಡೆ ತಿರುಗಿಸಿಕೊಂಡು, "ಕನ್ನಡಿ ಆಮೇಲೆ. ಮೊದಲು ಕೈ ಎತ್ತಿ," ಎನ್ನುತ್ತಿದ್ದರು. ಗಿರಾಕಿ ಕೈ ಎತ್ತಬೇಕು, ಬಸ್ಸಿನ ಕಂಬಿ ಹಿಡಿದವನ ಹಾಗೆ. ಬಾಗಬೇಕು, ಕಳೆದ ಚಪ್ಪಲಿ ಹುಡುಕುವವನ ಹಾಗೆ. ಕಂಕುಳಲ್ಲಿ ಎಲ್ಲಿ ಹಿಡಿಯುತ್ತದೆ, ಬೆನ್ನಿನಲ್ಲಿ ಎಲ್ಲಿ ಎಳೆಯುತ್ತದೆ ಎಂದು ನೋಡಿ ಸೀಮೆಸುಣ್ಣದ ಗೆರೆ ಹಾಕುತ್ತಿದ್ದರು. "ನಿಂತ ಮೈಗೆ ಯಾರು ಬೇಕಾದ್ರೂ ಹೊಲೀತಾರೆ. ಆಡೋ ಮೈಗೆ ಹೊಲಿಯೋನೇ ಟೈಲರ್." ಈ ಮಾತು ಶುರುವಾದರೆ ಸಾಕು, ಪರದೆಯ ಆಚೆ ಕಾಜಾ ಹಾಕುತ್ತ ಕೂತ ಹೆಂಡತಿಯೂ ಜೊತೆಗೇ ತುಟಿ ಆಡಿಸುತ್ತಿದ್ದಳು.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಸೀಮೆಸುಣ್ಣದ ಪುಡಿಗೆ ಪರದೆಯ ಲೆಕ್ಕವಿರಲಿಲ್ಲ. ಬಾಗಿಲ ಚಿಲಕದ ಮೇಲೆ, ದಿಂಬಿನ ಅಂಚಿನಲ್ಲಿ, ನೀರಿನ ಲೋಟದ ಮೇಲೆ, ಎಲ್ಲೆಲ್ಲೂ ಅದೇ. ಹಾಗಾಗಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಒಬ್ಬಳೇ ಮಗಳು ಸಂಜೆ ಬೆರಳಿಗೆ ಬಣ್ಣ ಅಂಟಿಸಿಕೊಂಡು ಬಂದರೂ ಯಾರೂ ಗಮನಿಸುತ್ತಿರಲಿಲ್ಲ. ಟೈಲರ್ ಮನೆಯಲ್ಲಿ ಬೆರಳಿನ ಸುಣ್ಣವನ್ನು ಯಾರು ನೋಡುತ್ತಾರೆ? ಒಂದು ದಿನ, ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿಯ ಕಾಲರಿನ ಮೇಲೆ ನೀಲಿ ಬೆರಳಿನ ಗುರುತು ಬಿತ್ತು. ಅಂಗಡಿಯಲ್ಲಿ ಇದ್ದದ್ದು ಬಿಳಿ ಮತ್ತು ಹಳದಿ ಸುಣ್ಣ ಮಾತ್ರ.

ಕೇಳಿದ್ದರೆ ಹೇಳುತ್ತಿದ್ದಳೇನೋ. ಮಾಸ್ಟರ್ ಕೇಳಲಿಲ್ಲ, ಅವಳ ಹಿಂದೆ ಹೋದರು.

ಎರಡು ಬೀದಿಗಳ ಆಚೆ, ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಒಂದು ಪೂಲ್ ಪಾರ್ಲರ್ ಇತ್ತು, ಕೋಲಿನಿಂದ ಚೆಂಡು ಹೊಡೆದು ಮೇಜಿನ ಗುಳಿಗೆ ಬೀಳಿಸುವ ಆಟದ್ದು. ಅವರು ಬಾಗಿಲಿಗೆ ಬಂದಾಗ ಮಗಳು ಹಸಿರು ಮೇಜಿನ ಮೇಲೆ ಬಾಗಿದ್ದಳು, ಗಲ್ಲ ಕೋಲಿಗೆ ತಾಗುವಷ್ಟು. ಸುತ್ತ ನಿಂತ ಗಂಡಸರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವರು ನೋಡುತ್ತಿದ್ದುದು ಚೆಂಡನ್ನು ಎಂದು ಮಾಸ್ಟರ್‌ಗೆ ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಕೋಲನ್ನು ಕಿತ್ತುಕೊಂಡು ಮೇಜಿನ ಮೇಲೆ ಎಸೆದಾಗಿತ್ತು. ಮಗಳ ಮೊಣಕೈ ಅವರ ಹಿಡಿತದಲ್ಲಿತ್ತು.

"ಸ್ವಲ್ಪ ತಡೀರಿ ಮಾಸ್ಟ್ರೇ," ಎಂದ ಪಾರ್ಲರಿನ ಯಜಮಾನ. "ಕರಿ ಚೆಂಡು ಒಂದೇ ಉಳಿದಿರೋದು. ಅದು ಗುಳಿಗೆ ಬಿದ್ರೆ ಗೆಲ್ತಾಳೆ."

"ನಿನ್ನ ಮನೇಲಿ ಹೆಣ್ಣುಮಕ್ಕಳಿಲ್ವೇನೋ? ಅವರನ್ನ ತಂದು ಬಾಗಿಸು. ಇವರೆಲ್ಲ ನೋಡ್ಲಿ."

ಮಾತು ಬಾಯಿಂದ ಬಿದ್ದ ಮೇಲೆ ಕಣ್ಣು ತೆರೆಯಿತು. ಗಲ್ಲಾದ ಹಿಂದೆ ಯಜಮಾನನ ಅಕ್ಕ ನಿಂತಿದ್ದಳು, ತಲೆಗೂದಲು ನೆರೆತ ಹೆಂಗಸು, ಕೈಯಲ್ಲಿ ಕೋಲಿನ ತುದಿಗೆ ಉಜ್ಜುವ ನೀಲಿ ಸುಣ್ಣದ ಡಬ್ಬಿ. ಅವಳು ತೊಟ್ಟಿದ್ದ ಕೋಟು ಮಾಸ್ಟರೇ ಹೊಲಿದದ್ದು. ಅವಳಿಗೂ ಕೈ ಎತ್ತಿಸಿ ನೋಡಿದ್ದರು. ಅವಳು ಡಬ್ಬಿಯ ಮುಚ್ಚಳ ಹಾಕಿ ತಲೆ ತಗ್ಗಿಸಿದಳು.

ಮನೆಗೆ ಬಂದ ಮಗಳು ಅಳಲಿಲ್ಲ, ಜಗಳವಾಡಲಿಲ್ಲ. ಗಿರಾಕಿಗಳೊಂದಿಗೆ ಮಾತಾಡುವ ಹಾಗೆ ಅಪ್ಪನೊಂದಿಗೆ ಮಾತಾಡತೊಡಗಿದಳು. ಊಟಕ್ಕೆ ಕರೆದಳು, ನೂಲಿನ ಉಂಡೆ ತಂದುಕೊಟ್ಟಳು, ಹೇಳಿದ್ದಕ್ಕೆಲ್ಲ ಆಗಲಿ ಎಂದಳು. ಆಟದ ಹೆಸರೆತ್ತಲಿಲ್ಲ. ಅವಳ ಬೆರಳುಗಳು ಸ್ವಚ್ಛವಾಗಿರುತ್ತಿದ್ದವು, ಮತ್ತು ಆ ಸ್ವಚ್ಛತೆಯನ್ನು ನೋಡಲು ಮಾಸ್ಟರ್‌ಗೆ ಆಗುತ್ತಿರಲಿಲ್ಲ. ಪಾರ್ಲರ್ ಇದ್ದ ಬೀದಿಯನ್ನು ಬಿಟ್ಟು ಸುತ್ತುಬಳಸಿ ನಡೆಯತೊಡಗಿದರು. ಟ್ರಯಲ್ ಕೊಡುವಾಗ ಕನ್ನಡಿಯಲ್ಲಿ ಗಿರಾಕಿಯ ಪಕ್ಕ ತಮ್ಮ ಮುಖವೂ ಕಂಡರೆ ಪಕ್ಕಕ್ಕೆ ಸರಿದುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಹೆಂಡತಿಗೆ ಹೇಳಿದರು, "ಮನೆಗೇ ಒಂದು ಪೂಲ್ ಟೇಬಲ್ ತರ್ತೀನಿ. ಹೊಸ ಹೊಲಿಗೆ ಮಷೀನಿಗೆ ಕೂಡಿಟ್ಟ ದುಡ್ಡಿದೆಯಲ್ಲ, ಮಷೀನ್ ಮುಂದೆ ನೋಡೋಣ."

"ತಪ್ಪಾಯ್ತು ಅಂತ ಒಂದು ಮಾತು ಹೇಳೋಕೆ ಅಷ್ಟು ದೊಡ್ಡ ಮೇಜು ಯಾಕ್ರೀ?"

"ಮಾತು ಬರ್ತಿಲ್ಲ ಕಣೇ."

"ಆವತ್ತು ಬೇಡದ್ದೆಲ್ಲ ಬಂತಲ್ಲ," ಎಂದು ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದಳು.

ಆಟದ ಸಾಮಾನಿನ ಅಂಗಡಿಗೆ ಬಾಮೈದನೂ ಜೊತೆಗೆ ಹೋದ. ಲಾರಿ ಆಫೀಸಿನಲ್ಲಿ ಕೆಲಸ. ಸಾಗಿಸುವ ಹೊಣೆ ಅವನದು. ಮಾರುವವನು ಮೊದಲು ಹೊಳೆಯುವ ಕಾಲುಗಳ ಒಂದು ಮೇಜು ತೋರಿಸಿದ. ಮಾಸ್ಟರ್ ಬೆರಳ ಗೆಣ್ಣಿನಿಂದ ತಟ್ಟಿದರು. ಡಬಡಬ ಎಂದಿತು.

"ಒಳಗೇನಿದೆ?"

"ಒತ್ತಿದ ಹಲಗೆ ಸಾರ್. ತೇವ ಹಿಡಿದ್ರೆ ಸ್ವಲ್ಪ ಉಬ್ಬುತ್ತೆ. ಆಗ ಚೆಂಡು ತನಗೆ ಬೇಕಾದ ಕಡೆ ಹೋಗುತ್ತೆ."

"ನಮ್ಮ ಬಾಮೈದನ ಹಾಗೆ. ಬೇಡ. ಇರೋದ್ರಲ್ಲಿ ಒಳ್ಳೇದು ತೋರಿಸಪ್ಪ."

"ಒಳ್ಳೇದು ಅಂದ್ರೆ ಕಲ್ಲಿನದು." ಮಾರುವವನು ಅವರನ್ನು ಮೂಲೆಯ ಮೇಜಿನ ಬಳಿಗೆ ಕರೆದೊಯ್ದ. ಬಟ್ಟೆಯ ಕೆಳಗೆ ಮೂರು ಚಪ್ಪಡಿ ಸ್ಲೇಟು ಕಲ್ಲು. ಜೋಡಿಸಿದ ಜಾಗ ಕೈಗೆ ಸಿಗುವುದಿಲ್ಲ ಎಂದ. ಮಾಸ್ಟರ್ ಕಣ್ಣು ಮುಚ್ಚಿ ಅಂಗೈ ಆಡಿಸಿದರು. ಸಿಗಲಿಲ್ಲ. ಬಟ್ಟೆಯನ್ನು ಉಗುರಿನಿಂದ ಕೆರೆದು ನೋಡಿದರು: ಉಣ್ಣೆ ಹೆಚ್ಚು, ನೈಲಾನು ಕಡಿಮೆ, ನೇಯ್ಗೆ ಬಿಗಿ. ಅಂಚಿನ ರಬ್ಬರಿಗೆ ಚೆಂಡು ಉರುಳಿಸಿದರು. ಕರೆದರೆ ಬರುವ ಮಗುವಿನ ಹಾಗೆ ಸೀದಾ ಮರಳಿ ಬಂತು. ಇನ್ನೊಂದನ್ನು ಮೆಲ್ಲಗೆ ಬಿಟ್ಟರು. ನಿಲ್ಲುವ ತನಕವೂ ಅದು ದಾರ ಹಿಡಿದಂತೆ ನೇರ ನಡೆಯಿತು. ಮಗಳು ಇದರ ಮೇಲೆ ಬಾಗುತ್ತಾಳೆ, ಮನೆಯೊಳಗೆ, ಯಾರ ಕಣ್ಣೂ ಬೀಳದ ಕಡೆ ಎಂದುಕೊಂಡರು.

"ರೂಮ್ ಎಷ್ಟಿದೆ ಸಾರ್? ಯಾಕಂದ್ರೆ ಸುತ್ತ ಜಾಗ..."

"ನನ್ನನ್ನ ಅಳತೆ ಕೇಳ್ತೀಯೇನಪ್ಪ?" ಮಾಸ್ಟರ್ ಕೊರಳಲ್ಲಿದ್ದ ಟೇಪನ್ನು ಎತ್ತಿ ತೋರಿಸಿದರು, ಹೊರಡುವಾಗ ತೆಗೆಯಲು ಮರೆತಿದ್ದರು. "ಎಲ್ಲಾ ನೋಡಿದ್ದೀನಿ. ಸುತ್ತ ಒಬ್ಬ ಮನುಷ್ಯ ಆರಾಮಾಗಿ ನಿಂತ್ಕೋಬಹುದು. ಅದೂ ದಪ್ಪಗಿರೋ ಮನುಷ್ಯ."

ಮಾರುವವನು ಬಾಮೈದನ ಮುಖ ನೋಡಿದ. ಬಾಮೈದ ಮೇಲಿನ ಫ್ಯಾನು ನೋಡಿದ.

ಪರದೆಯ ಹಿಂದಿನ ಕೋಣೆಯಿಂದ ಮಂಚ, ಬೀರು ಎಲ್ಲ ಅಡುಗೆಮನೆಯ ಪಕ್ಕಕ್ಕೆ ಹೋದವು. ಮೇಜು ತುಂಡುತುಂಡಾಗಿ ಬಂದು, ಜೋಡಣೆಯಾಗಿ, ರಸಮಟ್ಟ ಇಟ್ಟು ನೋಡಿಸಿಕೊಂಡು ಕೋಣೆಯ ತುಂಬ ನಿಂತಿತು. ಸಂಜೆ ಮಗಳು ಬಂದಳು. ಚೀಲವನ್ನು ಭುಜದಿಂದ ಇಳಿಸದೆಯೇ ಮೇಜಿನ ಅಂಚಿನ ಮೇಲೆ ಕೈಯಿಟ್ಟಳು.

"ಕಲ್ಲಿನದಾ?"

"ಕಲ್ಲಿನದೇ."

ಅವಳು ಹೊಸ ಕೋಲು ತೆಗೆದುಕೊಂಡಳು. ತುದಿಗೆ ಸುಣ್ಣ ಉಜ್ಜಿದಳು. ಬಿಳಿ ಚೆಂಡನ್ನಿಟ್ಟು ಬಾಗಿದಳು. ಮಾಸ್ಟರ್, ಹೆಂಡತಿ, ಬಾಮೈದ ಮೂವರೂ ಪರದೆ ಹಿಡಿದು ನಿಂತಿದ್ದರು. ಅವಳು ಹೊಡೆಯಲೆಂದು ಕೈಯನ್ನು ಹಿಂದಕ್ಕೆ ಎಳೆದಳು. ಟಕ್ ಎಂದಿತು. ಕೋಲಿನ ಹಿಂಬದಿ ಗೋಡೆಗೆ ಬಡಿದು, ಒಂದು ಚೂರು ಗಾರೆ ನೆಲಕ್ಕೆ ಬಿತ್ತು. ಆ ಕಡೆ ಹೋದಳು. ಅಲ್ಲೂ ಟಕ್.

ಕೋಣೆ ಮೇಜಿಗೆ ಸಾಕಿತ್ತು, ಮನುಷ್ಯನಿಗೂ ಸಾಕಿತ್ತು. ಕೋಲು ಹಿಡಿದ ಕೈ ಹಿಂದಕ್ಕೆ ಹೋಗಲು ಮಾತ್ರ ಜಾಗವಿರಲಿಲ್ಲ.

"ಭಾವ," ಎಂದ ಬಾಮೈದ ಮೆಲ್ಲಗೆ, "ಕೈ ಎತ್ತಿಸಿ ನೋಡ್ಲಿಲ್ವಾ?"

ತಮಾಷೆಗೇ ಅಂದದ್ದು. ಯಾರೂ ನಗಲಿಲ್ಲ. ಮಾಸ್ಟರ್‌ಗೆ ಕಿವಿ ಸುಟ್ಟಂತಾಯಿತು. ಕೊರಳ ಟೇಪನ್ನು ತೆಗೆದು ಮುಷ್ಟಿಯಲ್ಲಿ ಮುದುರಿಕೊಂಡರು. ಮಗಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕೋಲನ್ನು ಗೋಡೆಗೆ ಒರಗಿಸಿ, ಬಿದ್ದ ಗಾರೆಯನ್ನು ಆರಿಸಿಕೊಂಡು, "ಪರವಾಗಿಲ್ಲ ಬಿಡಿ," ಎಂದು ಒಳಗೆ ಹೋದಳು.

ಮರುದಿನದಿಂದ ಹೆಂಡತಿ ಹೊಲಿದ ಬಟ್ಟೆಗಳನ್ನು ಆ ಮೇಜಿನ ಮೇಲೆ ಮಡಚತೊಡಗಿದಳು. "ಮಟ್ಟಸವಾಗಿದೆ ಕಣ್ರೀ, ಒಂದು ಸುಕ್ಕು ಬೀಳಲ್ಲ," ಎಂದಳು. ಕುಹಕವೋ ಸಮಾಧಾನವೋ ತಿಳಿಯಲಿಲ್ಲ. ಬಾಮೈದನೇ ಒಂದು ದಾರಿ ಹೇಳಿದ: ಇಕ್ಕಟ್ಟಿನಲ್ಲಿ ಆಡಲು ಮೊಟಕು ಕೋಲು ಇರುತ್ತದೆ. ಪಾರ್ಲರಿನಲ್ಲಿ ಕಂಬದ ಪಕ್ಕದ ಮೇಜಿಗೆ ಅಂಥದ್ದೊಂದು ಇಟ್ಟಿದ್ದಾರೆ.

"ನೀನು ಹೋಗಿ ತಗೊಂಡ್ಬಾ."

"ನಾನ್ಯಾಕೆ ಭಾವ? ನಾನೇನು ಅಂದಿದ್ದೆ ಅವರನ್ನ?"

ಮಾಸ್ಟರ್ ಮಧ್ಯಾಹ್ನ ಹೊರಟರು. ಈ ಸಲ ಸುತ್ತುಬಳಸಲಿಲ್ಲ. ಮೆಟ್ಟಿಲು ಹತ್ತಿದಾಗ ಚೆಂಡುಗಳ ಸದ್ದು ಒಂದೊಂದಾಗಿ ನಿಂತಿತು. ಅವೇ ಮುಖಗಳು. ಯಜಮಾನ ಅವರನ್ನು ನೋಡಿಯೂ ನೋಡದವನಂತೆ ಮೇಜು ಒರೆಸಿದ. ಗಲ್ಲಾದ ಹಿಂದೆ ಅವನ ಅಕ್ಕ ಅದೇ ಕೋಟಿನಲ್ಲಿ ಕೂತಿದ್ದಳು. ಮಾಸ್ಟರ್ ಸೀದಾ ಅವಳ ಮುಂದೆ ಹೋಗಿ ನಿಂತರು.

"ಅಮ್ಮಾ, ಆವತ್ತು ನಾನು ಆಡಿದ್ದು ಆಡಬಾರದ ಮಾತು. ನಿಮ್ಮ ಎದುರಿಗೇ ಆಡಿದೆ. ಮುಖ ತೋರಿಸೋಕೂ ಯೋಗ್ಯತೆ ಇಲ್ಲ."

ಅವಳು ತೋಳೆತ್ತಿ ತೋರಿಸಿದಳು. "ಈ ಕೋಟು ಇನ್ನೂ ಎಲ್ಲೂ ಹಿಡಿಯಲ್ಲ ಮಾಸ್ಟ್ರೇ. ಇಷ್ಟು ಬಲ್ಲವರು ಹಾಗೆ ಯಾಕಂದ್ರಿ ಅಂತ ನಾನು ದಿನಾ ಯೋಚ್ನೆ ಮಾಡ್ತಿದ್ದೆ. ಈಗೇನು ಬೇಕಿತ್ತು?"

"ಮೊಟಕು ಕೋಲು."

ಮೇಜು ತಂದು ಕೋಲಾಡಲು ಜಾಗ ಬಿಡದ ವಿಷಯ ಕೇಳಿ ಯಜಮಾನನಿಗೆ ನಗು ತಡೆಯಲಾಗಲಿಲ್ಲ. ಮೇಜುಗಳ ಸುತ್ತ ನಿಂತವರೂ ನಕ್ಕರು. ಮಾಸ್ಟರ್ ತಲೆ ಬಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡರು. ಅಕ್ಕ ಮಾತ್ರ ನಗಲಿಲ್ಲ.

"ಕೋಲು ನಿಮ್ಮ ಕೈಗೆ ಕೊಡಲ್ಲ. ಅವಳೇ ಬಂದು ತಗೊಂಡು ಹೋಗ್ಲಿ. ಎಳ್ಕೊಂಡು ಹೋದವರೇ ಕರ್ಕೊಂಡು ಬನ್ನಿ."

ಸಂಜೆ ಮಾಸ್ಟರ್ ಮಗಳ ಮುಂದೆ ನಿಂತು, ಪಾರ್ಲರಿಗೆ ಹೋಗಿದ್ದನ್ನೂ ಅಲ್ಲಿ ಹೇಳಿದ್ದನ್ನೂ ಹೇಳಿದರು. "ನಿನಗೆ ಮೊದಲು ಹೇಳ್ಬೇಕಿತ್ತು. ತಪ್ಪಾಯ್ತು ಮಗಳೇ. ಬರ್ತೀಯಾ? ನಾನು ಕೆಳಗೇ ನಿಂತಿರ್ತೀನಿ."

"ಕೆಳಗೆ ಯಾಕೆ?" ಎಂದಳು ಮಗಳು, ಚಪ್ಪಲಿ ಹುಡುಕುತ್ತ.

ಪಾರ್ಲರಿನಲ್ಲಿ ಅವಳು ಮೊಟಕು ಕೋಲಿನ ಕಡೆ ಹೋಗಲೇ ಇಲ್ಲ. ಆವತ್ತಿನ ಮೇಜಿಗೆ ಹೋದಳು. ಆಟ ನಿಂತಾಗ ಇದ್ದ ಹಾಗೆಯೇ ಬಿಳಿ ಚೆಂಡು ಇಲ್ಲಿ, ಕರಿ ಚೆಂಡು ಅಲ್ಲಿ ಎಂದು ಇಟ್ಟಳು. ಆವತ್ತು ಎದುರು ಆಡುತ್ತಿದ್ದ ಸೈಕಲ್ ರಿಪೇರಿಯವನು, "ಒಂದಿಷ್ಟು ಈ ಕಡೆ ಇತ್ತಮ್ಮ, ಮೋಸ ಬೇಡ," ಎಂದ. ಅವಳು ಸರಿಪಡಿಸಿ ಬಾಗಿದಳು. ಮತ್ತೆ ಎದ್ದು ತಿರುಗಿದಳು. ಮಾಸ್ಟರ್ ತಮಗೇ ಗೊತ್ತಿಲ್ಲದೆ ಅವಳ ಬೆನ್ನಿಗೆ ತಾಗುವಂತೆ ನಿಂತಿದ್ದರು.

"ಅಪ್ಪ, ಸ್ವಲ್ಪ ಹಿಂದೆ ಸರಿ. ಕೋಲು ಆಡ್ಬೇಕು."

ಅವರು ಬೆನ್ನು ಗೋಡೆಗೆ ತಾಗುವ ತನಕ ಸರಿದರು. ಎಲ್ಲರ ಕಣ್ಣೂ ತಮ್ಮ ಮೇಲೇ ಇದೆ ಅನಿಸಿತು. ನೆಲ ನೋಡಿದರು. ಚೆಂಡು ಚೆಂಡಿಗೆ ತಾಗಿದ ಸದ್ದು, ಆಮೇಲೆ ಉರುಳುವ ಸದ್ದು, ಆಮೇಲೆ ಏನೂ ಇಲ್ಲ.

"ತಲೆ ಎತ್ತಿ ಮಾಸ್ಟ್ರೇ," ಎಂದಳು ಅಕ್ಕ ಗಲ್ಲಾದಿಂದ.

ಎತ್ತಿದರು. ಕರಿ ಚೆಂಡು ಒಳಗೆ ಬೀಳದೆ ಗುಳಿಯ ತುಟಿಯಲ್ಲಿ ನಿಂತುಬಿಟ್ಟಿತ್ತು. ಇನ್ನು ತನ್ನ ಸರದಿ ಎಂದು ರಿಪೇರಿಯವನು ಕೈ ಉಜ್ಜಿಕೊಳ್ಳುತ್ತ ಮುಂದೆ ಬರುತ್ತಿದ್ದ. ಮಗಳು ಪಕ್ಕಕ್ಕೆ ನಿಂತು, ಕೋಲಿನ ತುದಿಗೆ ಮತ್ತೆ ನೀಲಿ ಸುಣ್ಣ ಉಜ್ಜುತ್ತಿದ್ದಳು.