ಕಾಲಿಂಚಮ್ಮನ ಏಟು

ನಮ್ಮ ದೊಡ್ಡಮ್ಮನ ಹತ್ತಿರ ಕೌದಿ ಹೊಲಿಯುವುದನ್ನು ಯಾರು ಎಷ್ಟು ಕಲಿತಿದ್ದಾರೆ ಎಂದು ಅವರವರ ಕೆನ್ನೆ ನೋಡಿ ಹೇಳಬಹುದಿತ್ತು. ನಾನಂತೂ ತುಂಬಾ ಚೆನ್ನಾಗಿ ಕಲಿತಿದ್ದೆ. ನನಗೆ ಎಂಟು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಮ್ಮನ ಅಕ್ಕನಾದ ಇವಳು ಬಂದು ನನ್ನನ್ನು ಕರೆದುಕೊಂಡು ಹೋದಳು, ಅನ್ನ ಹಾಕಿದಳು, ಶಾಲೆಗೆ ಕಳಿಸಿದಳು, ಹದಿನೆಂಟಾದ ಮೇಲೆ ತನ್ನ ಪಕ್ಕದ ಮಿಷನ್ನಿಗೆ ಕೂರಿಸಿಕೊಂಡಳು. ಹೊಡೆತ ಮೊದಲ ವಾರದಿಂದಲೇ ಶುರುವಾಗಿತ್ತು. ಅವಳಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಎಂದರೆ ಅದು ಸುಳ್ಳು. ಆದರೆ ಅವಳದು ಕೈ ಮುಂದೆ, ಬಾಯಿ ಹಿಂದೆ.

ನಾವು ಕೆಲಸ ಮಾಡುತ್ತಿದ್ದದ್ದು ಯಜಮಾನಿಯ ಮನೆಗೆ ತಗುಲಿದ, ತಗಡಿನ ಮಾಡಿನ ಕೋಣೆಯಲ್ಲಿ. ಎಂಟು ಮಿಷನ್ನು, ಗೋಡೆಯುದ್ದಕ್ಕೂ ಒಂದು ಮೇಜು, ಮೇಜಿನ ತುದಿಯಲ್ಲಿ ಸದಾ ಕಾದಿರುವ ಇಸ್ತ್ರಿಪೆಟ್ಟಿಗೆ. ಗಿರಣಿಯಿಂದ ಬಟ್ಟೆ ಪಟ್ಟಿಗಳು ಕತ್ತರಿಸಿಯೇ ಬರುತ್ತಿದ್ದವು. ಒಂದು ಸುರುಳಿಯಲ್ಲಿ ನಲವತ್ತು ಪಟ್ಟಿ, ಒಂದೊಂದೂ ಎರಡೂವರೆ ಇಂಚು ಅಗಲ, ನೂಲು ಬಿಚ್ಚದಿರಲಿ ಎಂದು ಅಂಚಿಗೆ ಗರಗಸದಂಥ ಹಲ್ಲು. ಕತ್ತರಿಸಿಯೇ ಬಂದ ಮೇಲೆ ಇನ್ನೇನು ಕಷ್ಟ, ಜೋಡಿಸಿದರಾಯಿತು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅಂಥವರನ್ನು ಒಂದು ದಿನ ದೊಡ್ಡಮ್ಮನ ಪಕ್ಕ ಕೂರಿಸಬೇಕಿತ್ತು.

ಅಳತೆಯನ್ನು ಹಲ್ಲಿನ ತುದಿಯಿಂದ ಹಿಡಿಯಬೇಕು, ಹಲ್ಲಿನ ಬುಡದಿಂದಲ್ಲ. ತಪ್ಪಿದರೆ ತಲೆಗೊಂದು ಮೊಟಕು. ತುದಿಯಿಂದ ಸರಿಯಾಗಿ ಕಾಲಿಂಚು ಒಳಗೆ ಹೊಲಿಗೆ ಓಡಬೇಕು. ಒಂದು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಹೊಲಿದರೆ ಮುಂದಿನದನ್ನು ಕೆಳಗಿನಿಂದ ಮೇಲಕ್ಕೆ ಹೊಲಿಯಬೇಕು, ಇಲ್ಲದಿದ್ದರೆ ನಲವತ್ತು ಪಟ್ಟಿ ಸೇರುವಷ್ಟರಲ್ಲಿ ಕೌದಿ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದರೆ ಬೆನ್ನಿಗೆ ಗುದ್ದು. ಇಸ್ತ್ರಿಯನ್ನು ಬಟ್ಟೆಯ ಮೇಲೆ ಎಳೆದಾಡಿದರೆ ಪಟ್ಟಿ ಹಿಗ್ಗುತ್ತದೆ. ಅದಕ್ಕೆ ಅವಳದೊಂದು ಪಾಠವಿತ್ತು: "ಒತ್ತು, ಎತ್ತು. ಎಳೀಬೇಡ." ಅದನ್ನು ಹೇಳಿಕೊಡುವಾಗ ಒಮ್ಮೆ ನನ್ನ ಮೊಣಕೈಗೆ ಇಸ್ತ್ರಿ ತಗುಲಿಸಿದ್ದಳು. ಕೈ ತಪ್ಪಿ ತಗುಲಿತು ಎಂದಳು. ಅವಳ ಕೈ ತಪ್ಪಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. ಎಲ್ಲರೂ ಅವಳನ್ನು ಕಾಲಿಂಚಮ್ಮ ಎಂದೇ ಕರೆಯುತ್ತಿದ್ದರು.

ಅವಳಿಗಿಂತ ಮೇಲೆ ಹೊಡೆಯುವವನು ಮೇಲ್ವಿಚಾರಕ. ಎದುರಿಗೆ ಸಾರ್, ಹಿಂದೆ ಸ್ಕೇಲಪ್ಪ. ಕುತ್ತಿಗೆಗೆ ಟೇಪು, ಕೈಯಲ್ಲಿ ತೇಗದ ಎರಡಡಿ ಸ್ಕೇಲು. ಟೇಪು ಮುಗಿದ ಕೌದಿ ಅಳೆಯುವುದಕ್ಕೆ, ಸ್ಕೇಲು ಉಳಿದ ಎಲ್ಲದಕ್ಕೆ. ಮಾತಿಗೊಂದು ಸಲ ಅದರ ತುದಿಯಿಂದ ಮೇಜಿಗೆ ಕುಟ್ಟುತ್ತಿದ್ದ, ಮೇಜು ಸಿಗದಿದ್ದರೆ ನಮ್ಮ ಗೆಣ್ಣಿಗೆ. ಹಿಂದಿನ ವರ್ಷ ನನ್ನ ಎದುರು ಮಿಷನ್ನಿನ ಕನ್ನಡಕದಕ್ಕನ ಕಿರುಬೆರಳು ಮುರಿದಿದ್ದ. ಆ ಬೆರಳು ಸೊಟ್ಟಗೇ ಕೂಡಿಕೊಂಡು, ಅವಳು ಕತ್ತರಿ ಹಿಡಿದಾಗೆಲ್ಲ ಬೇರೆ ಕಡೆ ತೋರಿಸುತ್ತಿತ್ತು. ಯಜಮಾನಿ ಪಕ್ಕದ ತನ್ನ ಮನೆಯ ಮಹಡಿಯ ಮೇಲೆ ಇರುತ್ತಿದ್ದಳು. ಕಿರುಚಿದ್ದು ಅಲ್ಲಿಗೂ ಕೇಳಿಸಿರಲೇಬೇಕು. ಆ ಹೆಂಗಸು ಒಂದು ದಿನವೂ ಕೆಳಗಿಳಿದು ನೋಡಲಿಲ್ಲ.

ಒಂದು ಸೋಮವಾರ ದೊಡ್ಡಮ್ಮನ ಎಡಗೈ ನಡುಬೆರಳಿಗೆ ಮಿಷನ್ ಸೂಜಿ ಹೊಕ್ಕು ಆಚೆ ಬಂತು. ಮೂರು ದಿನ ರಜೆ ಹಾಕಿದಳು. ಅದೇ ಮೂರು ದಿನದಲ್ಲಿ ಹೊಸ ಗಿರಣಿಯ ಸುರುಳಿಗಳು ಬಂದವು. ಸ್ಕೇಲಪ್ಪ ಒಂದು ಪಟ್ಟಿ ಬಿಚ್ಚಿ ಸ್ಕೇಲಿಟ್ಟು ನೋಡಿದ.

"ಒಂದು ನೂಲು ಅಗಲ ಜಾಸ್ತಿ ಕತ್ತರಿಸಿದಾರೆ ಕತ್ತೆಗಳು," ಎಂದ. ನೂಲು ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. "ಎರಡೂ ಕಡೆ ಸೇರಿ ಆ ಒಂದು ನೂಲನ್ನ ಹೊಲಿಗೆ ಒಳಗೆ ನುಂಗಿಸಿಬಿಡಿ. ಗೊತ್ತಾಯ್ತಾ?"

ಗೊತ್ತಾಯಿತು ಎಂದೆವು. ಹೇಳಿದ ಹಾಗೇ ನುಂಗಿಸಿದೆವು. ಗುರುವಾರ ಬಂದ ದೊಡ್ಡಮ್ಮನಿಗೆ ಇದನ್ನು ಯಾರೂ ಹೇಳಲಿಲ್ಲ. ಅವಳಿಗೆ ಹೊಲಿಗೆಯ ವಿಷಯ ಹೇಳುವ ಧೈರ್ಯ ಯಾರಿಗಿತ್ತು? ಅವಳು ಎಂದಿನಂತೆ ಕಾಲಿಂಚಿಗೆ ಹೊಲಿದಳು.

ಶನಿವಾರ ಅಳತೆ ಹಾಕಿದರೆ ಎಂಟು ಕೌದಿಯಲ್ಲಿ ಏಳು ಗಿಡ್ಡ. ಎಂಬತ್ತು ಇಂಚು ಇರಬೇಕಾದದ್ದು ಎಪ್ಪತ್ತೈದಕ್ಕೆ ನಿಂತಿತ್ತು. ದೊಡ್ಡಮ್ಮನದೊಂದು ಮಾತ್ರ ಸರಿಯಾಗಿತ್ತು.

"ಇವಳಿಗೆ ತೂತುಬಿದ್ದ ಬೆರಳಲ್ಲೂ ಬರುತ್ತೆ, ನಿಮಗೇನ್ರೇ ರೋಗ?" ಎಂದು ಸ್ಕೇಲಪ್ಪ ಏಳು ಜನರ ಗೆಣ್ಣಿಗೂ ಬಾರಿಸಿದ. ನನ್ನ ಮುಂದೆ ನಿಂತು ಬಲಗೈ ಹಿಡಿದುಕೊಂಡ. "ಕಾಲಿಂಚಮ್ಮನ ಮನೆ ಹುಡುಗಿ ಆಗಿ ಹೀಗಾ? ಮುಂದಿನ ಶನಿವಾರ ಮತ್ತೆ ಗಿಡ್ಡ ಬಂದ್ರೆ ಈ ಬೆರಳು ನಿಂದಲ್ಲ ಅಂತ ತಿಳ್ಕೋ."

ಅವನು ಬರೀ ಬಾಯಿಮಾತಿನವನಲ್ಲ ಎಂಬುದಕ್ಕೆ ಕನ್ನಡಕದಕ್ಕ ಎದುರಿಗೇ ಕೂತಿದ್ದಳು. ಬಲಗೈ ಹೋದರೆ ಮಿಷನ್ನು ಹೋಯಿತು. ನನಗೆ ಬರುತ್ತಿದ್ದ ಕೆಲಸ ಅದೊಂದೇ.

ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ, ದೊಡ್ಡಮ್ಮ ಮರದ ಸೌಟು ಕೈಗೆ ತೆಗೆದುಕೊಂಡಳು.

"ಐದು ಇಂಚು! ಕಣ್ಣೇನು ಬಾಡಿಗೆಗೆ ಕೊಟ್ಟಿದ್ಯಾ?"

"ಸಾರ್ ಹೇಳಿದ ಹಾಗೇ ಹೊಲಿದೆ ದೊಡ್ಡಮ್ಮ…"

"ನಿನ್ನ ತಪ್ಪನ್ನ ಅವನ ತಲೆಗೆ ಕಟ್ತೀಯಾ?"

ಹನ್ನೊಂದು ಏಟು. ತೋಳು, ಬೆನ್ನು, ತೊಡೆ. ಒಂದೊಂದನ್ನೂ ಎಣಿಸಿದೆ, ಏಕೆಂದರೆ ಅವತ್ತು ನಾನು ತಪ್ಪು ಮಾಡಿರಲಿಲ್ಲ. ತಪ್ಪು ಮಾಡಿದ ದಿನ ಯಾರೂ ಏಟು ಎಣಿಸುವುದಿಲ್ಲ. ಹನ್ನೊಂದಾದ ಮೇಲೆ ಅವಳೇ ಎಣ್ಣೆ ಬಿಸಿಮಾಡಿ ತಂದು ಬಾಸುಂಡೆಗಳಿಗೆ ಹಚ್ಚಿದಳು. "ನಿನ್ನ ಬೆರಳು ಉಳೀಲಿ ಅಂತ ಕಣೇ," ಎಂದಳು. ನನಗೆ ಅವಳ ಕೈ ಕಚ್ಚಬೇಕೆನಿಸಿತು.

ಮುಂದಿನ ವಾರವೂ ಅದೇ ಗಿರಣಿಯ ಪಟ್ಟಿ. ಅಪ್ಪಣೆಯೂ ಹಳೆಯದೇ, ಅವನು ಮತ್ತೆ ಬಾಯಿಬಿಟ್ಟು ಹೇಳಲೂ ಇಲ್ಲ, ಹಿಂತೆಗೆದುಕೊಳ್ಳಲೂ ಇಲ್ಲ. ಮೀರಿದರೆ ಅವನ ಹೊಡೆತ, ಮೀರದಿದ್ದರೆ ಇಬ್ಬರದೂ. ನಾನು ಮೀರಲಿಲ್ಲ. ನೋಡಲಿ, ಆಗುವುದು ಆಗಲಿ ಎಂಬ ಹಟ ಬಂದಿತ್ತು.

ಶನಿವಾರ ಮಧ್ಯಾಹ್ನ ನನ್ನ ಕೌದಿ ಮೊದಲು ಮೇಜಿಗೆ ಬಂತು. ಎಪ್ಪತ್ತೈದು. ಸ್ಕೇಲಪ್ಪ ನನ್ನ ಬಲಗೈ ಮೇಜಿಗೆ ಒತ್ತಿ ಸ್ಕೇಲು ಎತ್ತಿದ. ಆಗ ನಾನು ಕಿರುಚಿಕೊಂಡೆ. ದೊಡ್ಡಮ್ಮನ ಕಡೆಗೆ ತಿರುಗಿ ಕಿರುಚಿದೆ.

"ನುಂಗಿಸು ಅಂದೋನು ಇವನೇ ಕಣೇ! ಪಟ್ಟಿಗೊಂದು ನೂಲು ಒಳಗೆ ತಗೋ ಅಂದ! ನೀನು ರಜೆ ಹಾಕಿದ್ದೆ! ಬೇಕಾದ್ರೆ ಇವರನ್ನೆಲ್ಲ ಕೇಳು!"

ದೊಡ್ಡಮ್ಮ ಮಿಷನ್ ನಿಲ್ಲಿಸಿ ಎದ್ದು ಬಂದಳು. ಕನ್ನಡಕದಕ್ಕನ ಮುಖ ನೋಡಿದಳು. ಅವಳು ಹೌದೆಂದು ತಲೆಯಾಡಿಸಿದಳು.

"ಹೌದು, ಅಂದೆ," ಎಂದ ಸ್ಕೇಲಪ್ಪ. "ಪಟ್ಟಿ ಅಗಲ ಇದೆ, ಅದಕ್ಕೆ ಅಂದೆ. ನೋಡು ಬೇಕಾದ್ರೆ." ನನ್ನ ಕೈ ಬಿಡದೆಯೇ ಒಂದು ಪಟ್ಟಿಯ ಮೇಲೆ ಸ್ಕೇಲಿಟ್ಟ. ಎರಡೂವರೆ ದಾಟಿ ಒಂದು ನೂಲು.

ದೊಡ್ಡಮ್ಮ ತನ್ನ ಟೇಪು ತೆಗೆದು ಅದೇ ಪಟ್ಟಿಯ ಮೇಲೆ ಇಟ್ಟಳು. ಎರಡೂವರೆ. ಒಂದು ಕೂದಲಿನಷ್ಟೂ ಹೆಚ್ಚಿಲ್ಲ. ಸ್ಕೇಲಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಬೆರಳಾಡಿಸಿದಳು. ಮೇಜಿಗೆ, ನಮ್ಮ ಗೆಣ್ಣುಗಳಿಗೆ ಕುಟ್ಟಿ ಕುಟ್ಟಿ ಆ ತುದಿ ಹಳೇ ಚಪ್ಪಲಿಯ ಹಿಮ್ಮಡಿಯ ಹಾಗೆ ಸವೆದುಹೋಗಿತ್ತು. ಸವೆದದ್ದು ಸರಿಯಾಗಿ ಒಂದು ನೂಲು. ಹೊಡೆದೂ ಹೊಡೆದೂ ಗಿಡ್ಡವಾದದ್ದು ಅವನ ಸ್ಕೇಲು. ಅದರಿಂದ ಅಳೆದದ್ದಕ್ಕೆ ಪಟ್ಟಿ ಅಗಲ ಕಂಡಿತ್ತು. ನಲವತ್ತು ಪಟ್ಟಿಗೆ ನಲವತ್ತು ನೂಲು, ಐದು ಇಂಚು.

"ಇವರೆಲ್ಲ ನಿಮ್ಮ ಮಾತು ಕೇಳಿದಾರೆ ಸಾರ್," ಎಂದಳು ದೊಡ್ಡಮ್ಮ, ಮೆಲ್ಲಗೆ. "ನಾನು ಕೇಳಿರಲಿಲ್ಲ. ಅದಕ್ಕೆ ನಂದು ಸರಿ ಬಂತು."

ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅವನಿಗೆ ತಡೆಯಲಾಗಲಿಲ್ಲ. ಸ್ಕೇಲು ಕಸಿದುಕೊಂಡು ನನ್ನ ಬಲಗೈ ಮೇಲೆ ಬೀಸಿದ. ಟಕ್ ಎಂದದ್ದು ಮರವೋ ಮೂಳೆಯೋ ನನಗೆ ತಿಳಿಯಲಿಲ್ಲ. ತೋರುಬೆರಳು ಕ್ಷಣದಲ್ಲಿ ಊದಿಕೊಂಡಿತು. ಎರಡನೇ ಏಟಿಗೆ ಕೈ ಎತ್ತುವ ಮೊದಲು, ಮೇಜಿನ ಮೇಲೆ ನನ್ನ ಕೈಯನ್ನು ಅದುಮಿ ಹಿಡಿದಿದ್ದ ಅವನ ಎಡಗೈ ಮೇಲೆ ದೊಡ್ಡಮ್ಮ ಇಸ್ತ್ರಿಪೆಟ್ಟಿಗೆ ಇಟ್ಟಳು.

ಒತ್ತಿದಳು. ಎತ್ತಿದಳು. ಎಳೆಯಲಿಲ್ಲ.

ಅವನ ಅರಚಾಟ ಬೀದಿಗೆ ಕೇಳಿಸಿತು. ಕೈ ಕೊಡವುತ್ತಾ ಕುಸಿದು ಕೂತ. ಕನ್ನಡಕದಕ್ಕ ಎದ್ದು ಬಂದು, ತನ್ನ ಸೊಟ್ಟ ಬೆರಳಿನ ಕೈಯನ್ನೇ ಮುಷ್ಟಿ ಮಾಡಿ ಅವನ ಮೂಗಿಗೆ ಒಂದು ಗುದ್ದಿದಳು. ರಕ್ತ ಸುರಿಯಿತು. ಆಮೇಲೆ ಯಾರು ಎಷ್ಟು ಒದ್ದರೋ ನನಗೆ ನೆನಪಿಲ್ಲ. ನಾನೂ ಒದ್ದೆ, ಸುಳ್ಳೇಕೆ ಹೇಳಲಿ. ಹಿತವಾಯಿತು.

ಅಂತೂ ಯಜಮಾನಿ ಕೆಳಗಿಳಿದು ಬಂದಳು. ಅವನನ್ನು ಆಸ್ಪತ್ರೆಗೆ ಕಳಿಸಿದಳು, ನಮ್ಮಿಬ್ಬರನ್ನು ಹೊರಗೆ ಕಳಿಸಿದಳು. ಬರುವಾಗ ದೊಡ್ಡಮ್ಮ ಆ ಸ್ಕೇಲನ್ನು ಕಂಕುಳಲ್ಲಿ ಅವುಚಿಕೊಂಡು ಬಂದಳು. ದಾರಿಯಲ್ಲಿ ನನ್ನ ಬೆರಳಿಗೆ ಕಟ್ಟು ಹಾಕಿಸಿದಳು. ಮೂಳೆ ಬಿರುಕು ಬಿಟ್ಟಿದೆ, ಕೂಡುತ್ತದೆ ಎಂದರು ವೈದ್ಯರು.

ಮನೆಗೆ ಬಂದು ಅವಳು ನೆಲದ ಮೇಲೆ ಕೂತಳು. ಸ್ಕೇಲನ್ನು ನನ್ನ ಎಡಗೈಗೆ ಕೊಟ್ಟು ತನ್ನ ಎರಡೂ ಅಂಗೈ ಮುಂದಕ್ಕೆ ಚಾಚಿದಳು.

"ಅವತ್ತು ಎಷ್ಟು ಹೊಡೆದೆ?"

"ಹನ್ನೊಂದು."

"ಹೊಡಿ."

ಬೇಡ ದೊಡ್ಡಮ್ಮ ಅನ್ನಬೇಕಿತ್ತೇನೋ. ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ. ಹೊಡೆದೆ. ಎಡಗೈ ಏಟು, ಮೆಲ್ಲಗೇ ಬಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಬೈದಳು.

"ಸವೆದ ತುದಿಯಿಂದ ಯಾಕೆ ಹೊಡೀತೀಯಾ? ತಿರುಗಿಸಿ ಹಿಡ್ಕೊ. ಅಳತೆ ಪೂರ್ತಿ ಇರ್ಲಿ."

ತಿರುಗಿಸಿ ಹಿಡಿದೆ. ಮತ್ತೆ ಒಂದರಿಂದ ಶುರುಮಾಡಿ ಅವಳೇ ಎಣಿಸಿದಳು. ಆರನೆಯದಕ್ಕೆ ನನಗೆ ಅಳು ಬಂತು, ಎಂಟನೆಯದಕ್ಕೆ ಅವಳಿಗೆ. ಇಬ್ಬರೂ ನಿಲ್ಲಿಸಲಿಲ್ಲ. ಹನ್ನೊಂದಾದ ಮೇಲೆ ನಾನೇ ಎದ್ದು ಹೋಗಿ ಎಣ್ಣೆ ಬಿಸಿಮಾಡಿ ತಂದೆ.

ಈಗ ನಾವಿಬ್ಬರೂ ಮನೆಯಲ್ಲೇ ಹೊಲಿಯುತ್ತೇವೆ. ನನ್ನ ಹೊಲಿಗೆ ಓರೆ ಹೋದರೆ ಅವಳ ಕೈ ಈಗಲೂ ಮೇಲೇಳುತ್ತದೆ. ಗೋಡೆಗೆ ನೇತುಹಾಕಿದ ಸ್ಕೇಲಿನ ಕಡೆ ಒಮ್ಮೆ ನೋಡುತ್ತಾಳೆ, ಆಮೇಲೆ ಅದೇ ಕೈಯಿಂದ ಹೊಲಿಗೆ ಬಿಚ್ಚಿಕೊಡುತ್ತಾಳೆ.